ಸಿವಿಕ್ ತಗ್ಗಿಸಿದ ಮೇಲೆ ಹಿಂದಿನ ಟೈರಿನ ಒಳಗಂಚು ಸವೆಯುತ್ತಿದೆ. ಕ್ಯಾಂಬರ್ ಆರ್ಮ್ ಹಾಕಿಸಲೇಬೇಕಾ?

ಉಡುಪಿಯಿಂದ ಪ್ರಶ್ನೆ

ನನ್ನದು 2008ರ ಹೋಂಡಾ ಸಿವಿಕ್. ಬೇಸಿಗೆಯಲ್ಲಿ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ, ಗಾಡಿ 35 ಮಿಲಿಮೀಟರ್ ಕೆಳಗೆ ಬಂತು. ಅದೇ ದಿನ ಟೈರ್ ಅಂಗಡಿಯಲ್ಲಿ ಮುಂದಿನ ಎರಡು ಚಕ್ರಕ್ಕೆ ಅಲೈನ್‌ಮೆಂಟ್ ಮಾಡಿಕೊಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಎಡ ಟೈರಿನ ಒಳಗಂಚು ನುಣ್ಣಗಾಗಿದೆ. ಬಲಗಡೆಯದ್ದು ಅಷ್ಟು ಸವೆದಿಲ್ಲ. ಸ್ಟೇರಿಂಗ್ ಚೂರು ಎಡಕ್ಕೆ ತಿರುಗಿಸಿ ಹಿಡಿದರೇ ಗಾಡಿ ನೇರ ಹೋಗುವುದು.

ಈಗ ಬೇರೆ ಕಡೆ ನಾಲ್ಕೂ ಚಕ್ರ ಅಳೆಸಿದ್ದೇನೆ. ಹಿಂದಿನ ಎಡಕ್ಕೆ ಕ್ಯಾಂಬರ್ (ಚಕ್ರದ ವಾಲು) −2.3, ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) −0.20 ಬಂದಿದೆ. ಹಿಂದಿನ ಬಲಕ್ಕೆ ಕ್ಯಾಂಬರ್ −2.1, ಟೋ +0.05. ಎಲ್ಲಾ ಡಿಗ್ರಿಯಲ್ಲಿ. ಹಿಂದಕ್ಕೆ ಅಡ್ಜಸ್ಟ್ ಆಗುವ ಕ್ಯಾಂಬರ್ ಆರ್ಮ್, ಅಂದರೆ ಚಕ್ರದ ವಾಲು ಸರಿಪಡಿಸುವ ಸಸ್ಪೆನ್ಷನ್ ತೋಳು, ಹಾಕಿಸದೆ ಬೇರೆ ದಾರಿ ಇಲ್ಲ ಅಂತಾರೆ. ಖರ್ಚು ಜಾಸ್ತಿ. ಗಾಡಿ ತಗ್ಗಿಸಿದವರು ಯಾರಾದರೂ ನಿಮ್ಮ ಅನುಭವ ಹೇಳಿ.

ಬೆಂಗಳೂರಿನಿಂದ

ಸರ್, ಆರ್ಮ್ ಸದ್ಯಕ್ಕೆ ಬೇಡ. ನೀವು ಕೊಟ್ಟ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಕ್ಯಾಂಬರ್ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಇದೆ, ವ್ಯತ್ಯಾಸ ಬರೀ 0.2 ಡಿಗ್ರಿ. ಆದರೆ ಸವೆತ ಎಡಕ್ಕೆ ಜಾಸ್ತಿ, ಬಲಕ್ಕೆ ಕಡಿಮೆ. ಕ್ಯಾಂಬರ್ ಒಂದೇ ಕಾರಣ ಆಗಿದ್ದರೆ ಎರಡೂ ಟೈರ್ ಒಟ್ಟಿಗೇ ಸವೆಯಬೇಕಿತ್ತು, ಅಲ್ವಾ? ಎಡಗಡೆ ಬೇರೆ ಇರುವುದು ಟೋ ಮಾತ್ರ.

ಗಾಡಿಯ ಹಿಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಹೊರಕ್ಕೆ ತಿರುಗಿದ್ದರೆ ಟೋ ಔಟ್ (ನಿಮ್ಮ ಅಂಕಿಗಳಲ್ಲಿ ಮೈನಸ್), ಒಳಕ್ಕಿದ್ದರೆ ಟೋ ಇನ್ (ಪ್ಲಸ್). ಕ್ಯಾಂಬರ್ ವಾಲಿದ್ದರೂ ಚಕ್ರ ಉರುಳುತ್ತಲೇ ಇರುತ್ತದೆ, ಭಾರ ಒಳಗಂಚಿನ ಮೇಲೆ ಜಾಸ್ತಿ ಬೀಳುತ್ತದೆ ಅಷ್ಟೇ. ಟೋ ತಪ್ಪಿದರೆ ಚಕ್ರ ಉರುಳುವುದರ ಜೊತೆಗೆ ಅಡ್ಡಕ್ಕೆ ಉಜ್ಜುತ್ತದೆ. ಪಾದ ಓರೆ ಇಟ್ಟು ನಡೆಯುವವರ ಚಪ್ಪಲಿ ಒಂದೇ ಕಡೆ ಸವೆಯುವ ಹಾಗೆ. ನಿಮ್ಮ ಎಡ ಚಕ್ರಕ್ಕೆ ಎರಡೂ ಸೇರಿಕೊಂಡಿವೆ. ಭಾರ ಒಳಗಂಚಿನ ಮೇಲಿದೆ, ಉಜ್ಜುವುದೂ ಅದೇ ಅಂಚು.

ಸ್ಟೇರಿಂಗ್ ಎಡಕ್ಕೆ ಹಿಡಿಯಬೇಕಾಗಿರುವುದಕ್ಕೂ ಇದೇ ಕಾರಣ. ಎಡ ಹಿಂಚಕ್ರ ಟೋ ಔಟ್ ಆಗಿ ಎಡಕ್ಕೆ ನೋಡುತ್ತಿದೆ. ಬಲದ್ದು ಸ್ವಲ್ಪ ಟೋ ಇನ್, ಅಂದರೆ ಅದೂ ಎಡಕ್ಕೇ ನೋಡುತ್ತಿದೆ. ಎರಡೂ ಸೇರಿ ಗಾಡಿಯ ಹಿಂಭಾಗವನ್ನು ಎಡಕ್ಕೆ ತಳ್ಳುತ್ತವೆ. ಅದನ್ನು ಸರಿದೂಗಿಸಲು ನೀವು ಮುಂದಿನ ಚಕ್ರವನ್ನೂ ಎಡಕ್ಕೆ ಹಿಡಿಯುತ್ತೀರಿ. ಹಿಂದಿನ ಎರಡು ಚಕ್ರ ಸೇರಿ ಗಾಡಿಯ ನಡುಗೆರೆಯಿಂದ ಎಷ್ಟು ಓರೆಯಾಗಿ ನೋಡುತ್ತವೋ ಅದಕ್ಕೆ ಥ್ರಸ್ಟ್ ಆಂಗಲ್ ಅನ್ನುತ್ತಾರೆ. ಮುಂದಿನ ಎರಡು ಚಕ್ರ ಮಾತ್ರ ಅಳೆದರೆ ಇದು ಕಾಣುವುದೇ ಇಲ್ಲ.

ನನ್ನದೂ ಇದೇ ತಲೆಮಾರಿನ ಸಿವಿಕ್. ಇದರಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಆರ್ಮ್‌ಗಳಿರುವ ಸಸ್ಪೆನ್ಷನ್ ಇದೆ. ತಗ್ಗಿಸಿದರೆ ಹಿಂದೆ ನೆಗೆಟಿವ್ ಕ್ಯಾಂಬರ್ ಜಾಸ್ತಿ ಆಗುವುದು ಅದರ ಗುಣ. ಹಿಂದಿನ ಟೋ ಸರಿಪಡಿಸಲು ಕಂಪನಿಯವರೇ ಬೋಲ್ಟ್ ಕೊಟ್ಟಿದ್ದಾರೆ, ಕ್ಯಾಂಬರ್‌ಗೆ ಕೊಟ್ಟಿಲ್ಲ. ನನ್ನ ಗಾಡಿಯ ಹಿಂದಿನ ಕ್ಯಾಂಬರ್ −2ರ ಆಸುಪಾಸಿನಲ್ಲೇ ಇದೆ. ಟೋ ಎರಡೂ ಕಡೆ ಒಂದೇ ಸಮ, ಚೂರು ಒಳಕ್ಕೆ ಇಡಿಸಿದ್ದೇನೆ. ಒಳಗಂಚು ಸ್ವಲ್ಪ ಬೇಗ ಸವೆಯುತ್ತದೆ ನಿಜ, ಆದರೆ ನಿಧಾನಕ್ಕೆ, ಎರಡೂ ಕಡೆ ಸಮವಾಗಿ. ಆಗಾಗ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದ್ದು ಮುಂದಕ್ಕೆ ಹಾಕಿಸಿದರೆ ಸಾಕಾಗುತ್ತದೆ.

ಮೊದಲು ಟೋ ಸರಿ ಮಾಡಿಸಿ, ಒಂದಷ್ಟು ಓಡಿಸಿ, ಟೈರ್ ನೋಡಿ. ಆಮೇಲೆ ಆರ್ಮ್ ಬೇಕಾ ಬೇಡವಾ ಅಂತ ಯೋಚಿಸಿ.

ದಾವಣಗೆರೆಯಿಂದ

ನಾನು ಅಲೈನ್‌ಮೆಂಟ್ ಮೆಷಿನ್ ಮೇಲೆ ಕೆಲಸ ಮಾಡುವವನು. ಮೇಲೆ ಹೇಳಿದ್ದು ಸರಿಯಾಗಿದೆ. ಆದರೆ ಮೆಷಿನ್ನಿಗೆ ಹಾಕುವ ಮುಂಚೆ ಆಗಬೇಕಾದ ಕೆಲಸ ಒಂದಿದೆ, ತಗ್ಗಿಸಿದ ಗಾಡಿಗಳಲ್ಲಿ ಅದೇ ಬಿಟ್ಟುಹೋಗಿರುತ್ತದೆ. ಅದು ಬುಷ್.

ಆರ್ಮ್‌ಗಳ ತುದಿಯ ರಬ್ಬರ್ ಬುಷ್ ಬೇರಿಂಗ್ ಥರ ತಿರುಗುವುದಿಲ್ಲ. ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನದಕ್ಕೂ ಅಂಟಿರುತ್ತದೆ. ಆರ್ಮ್ ಮೇಲೆ ಕೆಳಗೆ ಆದಾಗ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತದೆ. ಸ್ಪ್ರಿಂಗ್ ಬದಲಿಸುವಾಗ ಗಾಡಿ ಲಿಫ್ಟ್ ಮೇಲೆ, ಚಕ್ರಗಳು ನೇತಾಡುತ್ತಿರುತ್ತವೆ. ಆಗಲೇ ಬೋಲ್ಟ್ ಪೂರ್ತಿ ಟೈಟ್ ಮಾಡಿದರೆ ಗಾಡಿ ಕೆಳಗಿಳಿದಾಗ ಬುಷ್ ತಿರುಚಿಕೊಂಡೇ ಕೂರುತ್ತದೆ. ಆ ರಬ್ಬರ್ ಗಾಡಿಯನ್ನು ಮೇಲಕ್ಕೆ ಒತ್ತುತ್ತಿರುತ್ತದೆ, ಬೇಗ ಹರಿಯುತ್ತದೆ, ಎಡಬಲ ಎತ್ತರ ಒಂದೇ ಇರುವುದಿಲ್ಲ. ಅಂಥ ಗಾಡಿಗೆ ಎಷ್ಟು ಚೆನ್ನಾಗಿ ಅಲೈನ್‌ಮೆಂಟ್ ಮಾಡಿದರೂ ನಿಲ್ಲುವುದಿಲ್ಲ. ಗಾಡಿಯ ಭಾರ ಚಕ್ರದ ಮೇಲಿದ್ದಾಗಲೇ ಬೋಲ್ಟ್ ಟೈಟ್ ಮಾಡುವುದು ತಗ್ಗಿಸದ ಗಾಡಿಗೂ ಬೇಕು, ತಗ್ಗಿಸಿದ್ದಕ್ಕೆ ಇನ್ನೂ ಬೇಕು. ಯಾಕಂದ್ರೆ ಆರ್ಮಿನ ಕೋನವೇ ಬದಲಾಗಿರುತ್ತದೆ. ಆ ಬೋಲ್ಟ್‌ಗಳನ್ನು ಸಡಿಲ ಮಾಡಿ, ಚಕ್ರದ ಮೇಲೆ ಗಾಡಿಯ ಭಾರ ಬಿಟ್ಟು, ಒಂದೆರಡು ಸಲ ಅದುಮಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಟೈಟ್ ಮಾಡಿಸಿ.

ಟೈರ್ ಗಾಳಿ, ಟೈ ರಾಡ್ (ಸ್ಟೇರಿಂಗಿನಿಂದ ಚಕ್ರ ತಿರುಗಿಸುವ ಸರಳು) ಎಂಡ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಆಟ ಇವೆಲ್ಲ ಚೆಕ್ ಮಾಡುವುದು ಮಾಮೂಲಿ. ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಎತ್ತರ ಅಳೆದು ಬರೆದಿಡಿ. ಹೊಸ ಸ್ಪ್ರಿಂಗ್ ಒಂದಿಷ್ಟು ಓಡಿದ ಮೇಲೆ ಇನ್ನೂ ಚೂರು ಕೂರುತ್ತದೆ. ಹಾಗಾಗಿ ಹಾಕಿದ ದಿನವೇ ಟೋ ಸುಮಾರಾಗಿ ಸರಿ ಮಾಡಿ ಕಳಿಸುತ್ತೇವೆ, 300ರಿಂದ 500 ಕಿಲೋಮೀಟರ್ ಓಡಿದ ಮೇಲೆ ಪಕ್ಕಾ ಸೆಟ್ಟಿಂಗ್. ನಿಮಗೆ ಮೊದಲ ದಿನದ ಕೆಲಸವೇ ಅರ್ಧ ಆಗಿದೆ, ಎರಡನೆಯದು ಆಗೇ ಇಲ್ಲ.

ಮೆಷಿನ್ ಮೇಲೆ ಯಾವಾಗಲೂ ಹಿಂದಿನ ಚಕ್ರ ಮೊದಲು. ಹಿಂದಿನ ಟೋ ಎರಡೂ ಕಡೆ ಸಮ ಮಾಡಿ ಥ್ರಸ್ಟ್ ಆಂಗಲ್ ಸೊನ್ನೆ ಹತ್ತಿರ ತರಬೇಕು. ಆಮೇಲೆ ಸ್ಟೇರಿಂಗ್ ನೇರ ಇಟ್ಟು ಲಾಕ್ ಮಾಡಿ ಮುಂದಿನ ಟೋ. ಸ್ಕ್ರೀನಿನಲ್ಲಿ ಕ್ಯಾಂಬರ್ ಕೆಂಪು ತೋರಿಸುತ್ತದೆ, ಅದಕ್ಕೆ ಗಾಬರಿ ಆಗಬೇಡಿ. ಅದು ಕಂಪನಿಯ ಎತ್ತರಕ್ಕೆ ಕೊಟ್ಟ ಅಳತೆ. ಟೋ ಮಾತ್ರ ಹಸಿರಿಗೆ ಬರಲೇಬೇಕು. ಎಡಬಲ ಕ್ಯಾಂಬರ್ ವ್ಯತ್ಯಾಸ ಅರ್ಧ ಡಿಗ್ರಿ ಒಳಗಿರಲಿ.

ಪ್ರಿಂಟಿನಲ್ಲಿ −0.20 ಅಂತ ಇರುವುದು ಡಿಗ್ರಿಯ ದಶಾಂಶವಾ, ಮಿನಿಟಾ ಅಂತಲೂ ಕೇಳಿಕೊಳ್ಳಿ. ಒಂದು ಡಿಗ್ರಿಗೆ 60 ಮಿನಿಟ್. 0.20 ಡಿಗ್ರಿ ಅಂದರೆ 12 ಮಿನಿಟ್. ಅದೇ 20 ಮಿನಿಟ್ ಆಗಿದ್ದರೆ 0.33 ಡಿಗ್ರಿ, ಅದು ಇನ್ನೂ ಕೆಟ್ಟದ್ದು. ಒಬ್ಬರೇ ಓಡಿಸುವುದು ಜಾಸ್ತಿ ಅಂದ್ರೆ ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟು ಭಾರ ಇಟ್ಟು ಅಳೆಯಲು ಹೇಳಿ.

ಮಂಗಳೂರಿನಿಂದ

ಕರಾವಳಿಯ ಗಾಡಿಗೆ ಒಂದು ಮಾತು ಮಾರಾಯ್ರೆ. ಉಪ್ಪುಗಾಳಿಗೆ ಹಿಂದಿನ ಟೋ ಬೋಲ್ಟ್ ತುಕ್ಕು ಹಿಡಿದು ಬುಷ್‌ನ ಒಳಗೇ ಅಂಟಿಕೊಂಡಿರುತ್ತದೆ. ಹಳೇ ಗಾಡಿ, ಅಲುಗದೇ ಇರಬಹುದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ನೆನೆಯಲು ಬಿಡಿ. ರಬ್ಬರ್ ಪಕ್ಕದಲ್ಲಿ ಗ್ಯಾಸ್ ಬೆಂಕಿ ಹಿಡಿಯಲು ಬಿಡಬೇಡಿ. ಆಗದಿದ್ದರೆ ಬೋಲ್ಟ್ ಕತ್ತರಿಸಿ ಬುಷ್ ಸಮೇತ ಹೊಸದು ಹಾಕಬೇಕಾಗುತ್ತದೆ, ಅದಕ್ಕೂ ತಯಾರಾಗಿ ಹೋಗಿ. ಬೋಲ್ಟ್ ಕೊನೆವರೆಗೆ ತಿರುಗಿಸಿದರೂ ಟೋ ಸರಿಯಾಗದಿದ್ದರೆ ಆರ್ಮ್ ಬಗ್ಗಿದೆಯಾ ನೋಡಿ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಒಂದೇ ಕಡೆಯ ಚಕ್ರ ಬಿದ್ದರೆ ಸಾಕು, ಆ ಕಡೆ ಮಾತ್ರ ಹೀಗಾಗುತ್ತದೆ.

ಮೈಸೂರಿನಿಂದ

ನನ್ನದು ತಗ್ಗಿಸಿದ ಸ್ವಿಫ್ಟ್. ಇದೇ ಪ್ರಶ್ನೆ ಇರುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಮುಂದಿನ ಚಕ್ರದ ಬಗ್ಗೆ ಬರೆಯುತ್ತೇನೆ.

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿರುವುದು) ಇರುವ ಗಾಡಿ ತಗ್ಗಿಸಿದರೆ ಕ್ಯಾಂಬರ್ ಸ್ವಲ್ಪ ನೆಗೆಟಿವ್ ಕಡೆ ಹೋಗುತ್ತದೆ. ತುಂಬಾ ತಗ್ಗಿಸಿ ಕೆಳಗಿನ ಆರ್ಮಿನ ಹೊರತುದಿ ಒಳತುದಿಗಿಂತ ಮೇಲೆ ಬಂದುಬಿಟ್ಟರೆ, ಚಕ್ರ ಮೇಲೇಳುವಾಗ ಕ್ಯಾಂಬರ್ ತಿರುಗಿ ಪಾಸಿಟಿವ್ ಕಡೆಗೆ ಬರಲು ಶುರು. ಆರ್ಮು ಮತ್ತು ಟೈ ರಾಡ್ ನಡುವಿನ ಹೊಂದಾಣಿಕೆಯೂ ತಪ್ಪುತ್ತದೆ. ಆಗ ಹಂಪು, ಗುಂಡಿ ಬಂದಾಗಲೆಲ್ಲ ಟೋ ತಾನಾಗಿಯೇ ಬದಲಾಗಿ ಸ್ಟೇರಿಂಗ್ ಎಳೆಯುತ್ತದೆ. ನಿಂತ ಗಾಡಿಗೆ ಎಷ್ಟು ಸರಿ ಅಲೈನ್‌ಮೆಂಟ್ ಮಾಡಿದರೂ ಈ ದೋಷ ಹೋಗುವುದಿಲ್ಲ. ಅದಕ್ಕೇ ನಮ್ಮ ರಸ್ತೆಗೆ 30–35 ಮಿಲಿಮೀಟರಿಗಿಂತ ಜಾಸ್ತಿ ತಗ್ಗಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಸ್ಟ್ರಟ್ಟನ್ನು ನಕಲ್‌ಗೆ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗ) ಎರಡು ಬೋಲ್ಟಿನಲ್ಲಿ ಹಿಡಿದಿರುವ ಗಾಡಿಗೆ ಕ್ಯಾಂಬರ್ ಬೋಲ್ಟ್ ಸಿಗುತ್ತದೆ. ಮೂಲ ಬೋಲ್ಟಿಗಿಂತ ತೆಳುವಾಗಿರುತ್ತದೆ, ನಡುವೆ ಒಂದು ಉಬ್ಬು, ತಿರುಗಿಸಿದರೆ ನಕಲ್ ಒಳಕ್ಕೆ ಹೊರಕ್ಕೆ ಸರಿಯುತ್ತದೆ. ಸ್ಟ್ರಟ್ಟಿಗೆ ಒಂದೇ ಹಾಕಬೇಕು, ಅದರ ಜೊತೆ ಬಂದ ಚೀಟಿಯಲ್ಲಿರುವ ಟಾರ್ಕಿಗೇ ಟೈಟ್ ಮಾಡಬೇಕು. ತಲೆಯ ಮೇಲೆ ಪೇಂಟಿನ ಗೆರೆ ಎಳೆದಿಡಿ. ಜಾರಿದರೆ ತಕ್ಷಣ ಗೊತ್ತಾಗುತ್ತದೆ. ಕೆಲವರು ಬೋಲ್ಟ್ ಬದಲು ಸ್ಟ್ರಟ್ಟಿನ ತೂತನ್ನೇ ಅರದಿಂದ ಉಜ್ಜಿ ಅಗಲ ಮಾಡುತ್ತಾರೆ. ಅದಕ್ಕೆ ಖಂಡಿತ ಒಪ್ಪಬೇಡಿ. ಓಡುವಾಗ ಚಕ್ರ ಜಾರಿದರೆ ಏನಾಗುತ್ತದೆ ಯೋಚಿಸಿ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವುದೂ ಹಾಗೇ. ಚಕ್ರ ನೇತಾಡಿದಾಗ ಸ್ಪ್ರಿಂಗ್ ತನ್ನ ಕೂಡುವ ಜಾಗದಿಂದ ಕಳಚಬಹುದು.

ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಕೆಡುತ್ತದೆ. ಹಾಗಾಗಿ ಕ್ಯಾಂಬರ್ ಮೊದಲು, ಟೋ ಕೊನೆಗೆ. ಹಿಂದೆ ಆರ್ಮ್ ಹಾಕಿಸಿದರೂ ಇದೇ ಲೆಕ್ಕ.

ಹುಬ್ಬಳ್ಳಿಯಿಂದ

ಪೋಲೋ ಇರುವವರಿಗೆ ಎರಡೇ ಮಾತು ರೀ. ನಮ್ಮ ಗಾಡಿಯಲ್ಲಿ ಸ್ಟ್ರಟ್ ನಕಲ್ ಒಳಗೆ ಕೂತು ಕ್ಲ್ಯಾಂಪ್ ಆಗಿರುತ್ತದೆ, ಆ ಕ್ಯಾಂಬರ್ ಬೋಲ್ಟ್ ನಡೆಯುವುದಿಲ್ಲ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರ ಜೋಡಿಸುವ ಒಂದೇ ತೊಲೆ. ಅಲ್ಲಿ ತಿರುಗಿಸಲು ಬೋಲ್ಟೇ ಇಲ್ಲ, ತಗ್ಗಿಸಿದರೂ ಅಳತೆ ಬಹಳ ಬದಲಾಗುವುದಿಲ್ಲ. ಹಿಂದಿನ ಟೋ ನಿಜವಾಗಿ ತಪ್ಪಿದ್ದರೆ ಬೀಮಿಗೂ ಸ್ಟಬ್ ಆಕ್ಸಲ್‌ಗೂ (ಚಕ್ರ ಕೂರುವ ಗಿಡ್ಡ ಅಚ್ಚು) ನಡುವೆ ಓರೆ ಶಿಮ್ (ತೆಳು ಬಿಲ್ಲೆ) ಹಾಕಬೇಕು. ಹಿಂದೆ ಅಡ್ಜಸ್ಟ್ ಮಾಡಿದ್ದೇವೆ ಅಂತ ದುಡ್ಡು ಕೇಳಿದರೆ ಎಲ್ಲಿ ಮಾಡಿದಿರಿ ತೋರಿಸಿ ಅನ್ನಿ.

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ

ಇಲ್ಲಿ ಲೋವರಿಂಗ್ ಸ್ಪ್ರಿಂಗ್ ಜೊತೆ ಸಾಮಾನ್ಯವಾಗಿ ಒಂದು ತಾಂತ್ರಿಕ ಪತ್ರ ಬರುತ್ತದೆ. ಹಾಕಿಸಿದ ಮೇಲೆ ಗಾಡಿಯನ್ನು ಟ್ಯೂಫ್ ಥರದ ತಪಾಸಣೆ ಸಂಸ್ಥೆಗೆ ತೋರಿಸಬೇಕು. ಅಲೈನ್‌ಮೆಂಟ್ ಜೊತೆಗೆ ಹೆಡ್‌ಲೈಟ್ ಎತ್ತರವನ್ನೂ ಸರಿ ಮಾಡಿಸಿಯೇ ಹೋಗುತ್ತೇವೆ. ನೀವೂ ಹೆಡ್‌ಲೈಟ್ ಮರೆಯಬೇಡಿ. ಮುಂದೆ ಹಿಂದೆ ಒಂದೇ ಅಳತೆ ತಗ್ಗದಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯಬಹುದು, ಇಲ್ಲವೇ ತೀರಾ ಹತ್ತಿರ ಬೀಳಬಹುದು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ನೋಂದಣಿಯಲ್ಲಿರುವ ತಯಾರಕರ ವಿವರಗಳಿಗಿಂತ ಬೇರೆ ಆಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ. ಇನ್ಶೂರೆನ್ಸ್‌ನವರ ಹತ್ತಿರ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಉಡುಪಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಬುಷ್ ಬೋಲ್ಟ್ ಎಲ್ಲಾ ಸಡಿಲಿಸಿ, ಗಾಡಿ ಕೆಳಗಿಟ್ಟು ಟೈಟ್ ಮಾಡಿಸಿದೆ. ಎಡಗಡೆ ಎತ್ತರ ಚೂರು ಇಳಿದು ಬಲಕ್ಕೆ ಸಮ ಆಯಿತು. ಎಡ ಟೋ ಬೋಲ್ಟ್ ನಿಜಕ್ಕೂ ಅಂಟಿಕೊಂಡಿತ್ತು, ಎಣ್ಣೆಯಲ್ಲಿ ನೆನೆದ ಮೇಲೆ ಬಂತು. ಈಗ ಹಿಂದಿನ ಟೋ ಎರಡೂ ಕಡೆ +0.08, ದಶಾಂಶ ಡಿಗ್ರಿಯಲ್ಲೇ. ಕ್ಯಾಂಬರ್ ಎಡ −2.2, ಬಲ −2.1. ಸ್ಟೇರಿಂಗ್ ನೇರ ನಿಂತಿದೆ. ಆರ್ಮ್ ಸದ್ಯಕ್ಕೆ ತರಿಸುವುದಿಲ್ಲ. ಸವೆದ ಆ ಟೈರನ್ನು ರಿಮ್ಮಿನ ಮೇಲೆ ಒಳಹೊರ ತಿರುಗಿಸಿ ಹಾಕಿಸಿದರೆ ಇನ್ನಷ್ಟು ದಿನ ಓಡಿಸಬಹುದಾ?

ದಾವಣಗೆರೆಯಿಂದ

ಟೈರಿನ ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣವಾಗಲಿ, ಹೊರಗಡೆ ಯಾವುದು ಅಂತ ಬರಹವಾಗಲಿ ಇಲ್ಲದಿದ್ದರೆ ತಿರುಗಿಸಿ ಹಾಕಬಹುದು. ಆದರೆ ನೀವು ನುಣ್ಣಗಾಗಿದೆ ಅಂದಿದ್ದೀರಿ. ಕಾರಿನ ಟೈರಿನ ತೋಡಿಗೆ 1.6 ಮಿಲಿಮೀಟರ್ ಆಳ ಇರಲೇಬೇಕು. ತೋಡುಗಳ ಒಳಗೆ ಕಾಣುವ ಸಣ್ಣ ಉಬ್ಬಿನ ಮಟ್ಟ ಅದೇ. ಒಳಗಂಚು ಆ ಮಟ್ಟ ಮುಟ್ಟಿದ್ದರೆ ಅದನ್ನು ತಿರುಗಿಸಬೇಡಿ, ಹೊಸದು ಹಾಕಿಸಿ. ಹಿಂದೆ ಎರಡೂ ಒಟ್ಟಿಗೇ ಬದಲಿಸಿ. ಬಲದ್ದನ್ನು ಸ್ಟೆಪ್ನಿ ಮಾಡಿಕೊಳ್ಳಿ.

ಹೊಸ ಟೈರ್ ಮೇಲೆ ಸಾವಿರ ಕಿಲೋಮೀಟರ್ ಆದಾಗ ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಆಡಿಸಿ ನೋಡಿ. ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ. ಒಂದು ಕಡೆ ನಯ, ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ತಾಕಿದರೆ ಟೋ ಮತ್ತೆ ಅಲುಗಿದೆ ಅಂತ ಅರ್ಥ. ಎರಡೂ ಕಡೆ ಒಂದೇ ಥರ ತಾಕಿದರೆ ಅಳತೆ ನಿಂತಿದೆ.