ಗಂಡ-ಹೆಂಡತಿ ಜೋಡೀಲೇ ಹಾಫ್ ಟ್ರಯಥ್ಲಾನ್ ಮಾಡಿದವರು ಅನುಭವ ಹೇಳ್ರಿ

ಕೇಳಿದವರು, ಬೆಳಗಾವಿ:

ನಮಸ್ಕಾರ್ರಿ. ನಾನು, ನನ್ನ ಹೆಂಡತಿ ಮುಂದಿನ ಸಲ ಗೋವಾದ ಹಾಫ್ ಟ್ರಯಥ್ಲಾನ್‌ಗೆ ಹೆಸರು ಹಚ್ಚಬೇಕು ಅಂತ ಮಾಡೇವಿ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಈಜಿನಾಗ ನಾನು ಚುರುಕು, ಓಟದಾಗ ಆಕಿ. ಸಮುದ್ರದಾಗ ಇಬ್ಬರೂ ಈಜಿಲ್ಲ. ಆರು ವರ್ಷದ ಮಗಳಿದ್ದಾಳ. ಮೊದಲಿಂದ ಕಡೀತನಕ ಜೋಡೀಲೇ ಹೋಗಿ, ಜೋಡೀಲೇ ಮುಗಿಸಬೇಕು ಅನ್ನೋದು ನಮ್ಮ ಆಸೆ. ಆಗುವಂಥದ್ದೇನ್ರಿ? ಮಾಡಿದವರು ದಯವಿಟ್ಟು ಹೇಳ್ರಿ.

ಟಿಳಕವಾಡಿಯಿಂದ:

ನಾನು ಮತ್ತು ನಮ್ಮ ಯಜಮಾನರು ಎರಡು ಸಲ ಮಾಡಿದ್ದೇವೆ. ಮೊದಲನೇ ಸಲ ಮನಸ್ಸು ಕೆಡಿಸಿಕೊಂಡು ಬಂದೆವು. ಅದನ್ನೇ ಹೆಚ್ಚು ಹೇಳ್ತೀನಿ, ನಿಮಗೆ ಉಪಯೋಗಕ್ಕೆ ಬರೋದು ಅದೇ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಈಜಿಗೆ ಎಲ್ಲರನ್ನೂ ಒಮ್ಮೆಗೇ ನೀರಿಗೆ ಬಿಡೋದಿಲ್ಲ. ನಾಲ್ಕಾರು ಜನರಂತೆ ಕೆಲವು ಸೆಕೆಂಡಿಗೊಮ್ಮೆ ಬಿಡ್ತಾರೆ. ಕಾಲಿಗೆ ಕಟ್ಟಿದ ಚಿಪ್ ಮ್ಯಾಟ್ ದಾಟಿದ ಕ್ಷಣದಿಂದ ನಿಮ್ಮ ಸಮಯ ಶುರು. ಸಾಲಿನಲ್ಲಿ ಪಕ್ಕಪಕ್ಕ ನಿಂತರೆ ಒಟ್ಟಿಗೇ ನೀರಿಗಿಳೀಬಹುದು. ಆದರೆ ನೂರು ಮೀಟರ್ ಹೋಗೋದರೊಳಗೆ ತಲೆಗೆ ಹಾಕಿದ ಈಜುಟೋಪಿಗಳ ನಡುವೆ ನಿಮ್ಮವರು ಯಾರು ಅಂತ ಗೊತ್ತಾಗೋದಿಲ್ಲ. ಸೈಕಲ್ಲಿನಲ್ಲಂತೂ ಜೋಡಿ ಅನ್ನೋದೇ ಇಲ್ಲ. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಶ್ರಮ ಕಡಿಮೆಯಾಗುತ್ತೆ. ಅದನ್ನು ತಡೆಯೋದಕ್ಕೇ ನಿಯಮ ಇರೋದು: ಮುಂದಿನ ಸೈಕಲ್ಲಿನಿಂದ 12 ಮೀಟರ್ ಅಂತರ ಇರಬೇಕು, ದಾಟೋದಾದರೆ 25 ಸೆಕೆಂಡಿನಲ್ಲಿ ದಾಟಿ ಮುಗಿಸಬೇಕು. ಪಕ್ಕಪಕ್ಕ ಮಾತಾಡುತ್ತ ತುಳಿದರೆ ಗಂಡ-ಹೆಂಡತಿ ಅಂತ ಬಿಡೋದಿಲ್ಲ, ದಂಡದ ಡೇರೆಯಲ್ಲಿ ನಿಲ್ಲಿಸ್ತಾರೆ. ಉಳಿದದ್ದು ಓಟ. ಜೋಡಿಯಾಗಿ ಹೋಗಬಹುದಾದ ಜಾಗ ಅದೊಂದೇ, ನಾವು ಎಡವಿದ್ದೂ ಅಲ್ಲೇ.

ನಮ್ಮದೂ ನಿಮ್ಮ ಹಾಗೇ ಇತ್ತು. ನೀರಿನಿಂದ ಅವರು ನನಗಿಂತ ಐದು ನಿಮಿಷ ಮುಂಚೆ ಎದ್ದರು. ಸೈಕಲ್ಲನ್ನು ಹುಮ್ಮಸ್ಸಿನಲ್ಲಿ ತುಳಿದರು, ಸೆಕೆಗೆ ನೀರು ಸಾಲಲಿಲ್ಲ. ಓಟದ ಎಂಟನೇ ಕಿಲೋಮೀಟರ್ ಹತ್ತಿರ ನಾನು ಅವರನ್ನು ಹಿಡಿದಾಗ ಮೀನಖಂಡ ಸೆಟೆದು ನಡೀತಾ ಇದ್ದರು. "ನೀ ಹೋಗು" ಅಂದರು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಆ ಎರಡು ಶಬ್ದಕ್ಕೆ ನಮ್ಮ ಮನೆಯಲ್ಲಿ ಎಷ್ಟು ಅರ್ಥ ಇದೆ ಅಂತ ನನಗೆ ಗೊತ್ತು. ಬಾಯಿ ಹೋಗು ಅಂದರೂ ಮನಸ್ಸು ಇರು ಅನ್ನುತ್ತಿದೆ ಅಂದುಕೊಂಡೆ. ನಿಂತೆ. ಉಳಿದ ಹದಿಮೂರು ಕಿಲೋಮೀಟರ್ ಜೊತೆಗೇ ನಡೆದೆ, ಉಪ್ಪಿನ ಗುಳಿಗೆ ಕೊಟ್ಟೆ, ಮಾತಾಡಿಸಿದೆ. 8 ಗಂಟೆ 4 ನಿಮಿಷಕ್ಕೆ ಕೈ ಹಿಡಿದು ಮುಗಿಸಿದೆವು. ಗಡುವು ಎಂಟೂವರೆ. ಒಬ್ಬಳೇ ಓಡಿದ್ದರೆ ನಾನು 7 ಗಂಟೆ 20 ನಿಮಿಷದ ಸುಮಾರಿಗೆ ಮುಗಿಸುತ್ತಿದ್ದೆ. ಫೋಟೋದಲ್ಲಿ ಇಬ್ಬರೂ ನಗ್ತಾ ಇದ್ದೇವೆ.

ವಾಪಸ್ ಬರುವಾಗ ಚೋರ್ಲಾ ಘಾಟ್ ಪೂರ್ತಿ ಒಂದು ಮಾತಿಲ್ಲ. ಜಾಂಬೋಟಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರು ಹೇಳಿದರು: "ಹೋಗು ಅಂದ್ನೆಲ್ಲ, ಯಾಕ ಹೋಗಲಿಲ್ಲ? ನೀ ನಿಂತಿದ್ದಕ್ಕ ನಾ ನಿನ್ನ ರೇಸ್ ಹಾಳು ಮಾಡಿದೆ ಅನ್ನೋ ಭಾರ ಹೊತ್ಕೊಂಡು ನಡಿಬೇಕಾತು." ನಾನು ಅಷ್ಟು ಹೊತ್ತು ಅವರು ಒಂದು ಒಳ್ಳೇ ಮಾತು ಆಡಲಿ ಅಂತ ಕಾಯ್ತಿದ್ದೆ. ಇಬ್ಬರದ್ದೂ ಪ್ರೀತಿಯೇ, ಆದರೆ ಮೊದಲೇ ಮಾತಾಡಿಕೊಂಡಿರಲಿಲ್ಲ. ಎಂಟು ತಿಂಗಳು ಅಭ್ಯಾಸ ಮಾಡಿದ್ದೆವು, ಟಯರ್ ಯಾವುದು, ದಾರಿಯಲ್ಲಿ ತಿನ್ನುವ ಜೆಲ್ ಯಾವುದು ಅಂತ ಗಂಟೆಗಟ್ಟಲೆ ಚರ್ಚಿಸಿದ್ದೆವು. ಒಬ್ಬರು ಕುಸಿದರೆ ಇನ್ನೊಬ್ಬರು ಏನು ಮಾಡಬೇಕು ಅನ್ನೋದನ್ನು ಒಮ್ಮೆಯೂ ಕೂತು ಮಾತಾಡಿರಲಿಲ್ಲ.

ಎರಡನೇ ಸಲ ಅಡುಗೆಮನೆಯಲ್ಲಿ ಕೂತು ಮಾತಾಡಿದೆವು. ಸೈಕಲ್ ನಿಲ್ಲಿಸುವ ಜಾಗದಲ್ಲಿ ಯಾರೂ ಯಾರಿಗೂ ಕಾಯೋದಿಲ್ಲ. ಓಟದಲ್ಲಿ ಸಿಕ್ಕರೆ ಒಂದೇ ಸಲ ಕೇಳೋದು: "ಇರಲ್ಯಾ, ಹೋಗಲ್ಯಾ?" ಸಿಕ್ಕ ಉತ್ತರವೇ ಉತ್ತರ. ಮುಖ ನೋಡಿ ಬೇರೆ ಅರ್ಥ ಹುಡುಕುವ ಹಾಗಿಲ್ಲ. ಒಂದಕ್ಕೆ ಮಾತ್ರ ಈ ಕರಾರು ಅನ್ವಯಿಸೋದಿಲ್ಲ: ತಲೆ ತಿರುಗಿ ತೂರಾಡ್ತಿದ್ದರೆ, ಮಾತು ತೊದಲಿದರೆ, ಆ ಬಿಸಿಲಲ್ಲೂ ಚಳಿ ಅಂದರೆ, ಅವರ ಉತ್ತರ ಏನೇ ಇರಲಿ, ನಿಂತು ಸ್ವಯಂಸೇವಕರನ್ನು ಕೂಗಬೇಕು. ಅದು ಬಿಸಿಲಿನ ಹೊಡೆತ, ಅಲ್ಲಿ ಸಮಯ ನೋಡಬಾರದು.

ಆ ಸಲ ಹೊಟ್ಟೆ ಕೆಟ್ಟದ್ದು ನನಗೆ. ಹದಿನಾಲ್ಕನೇ ಕಿಲೋಮೀಟರಿನಲ್ಲಿ ಅವರು ಹಿಂದಿನಿಂದ ಬಂದು ಕೇಳಿದರು. "ಹೋಗ್ರಿ" ಅಂದೆ. ಹೋದರು. ತಿರುಗಿ ಕೂಡ ನೋಡಲಿಲ್ಲ, ನೋಡಬಾರದು ಅಂತ ಮಾತಾಗಿತ್ತು. ಮುಂದಿನ ಏಳು ಕಿಲೋಮೀಟರ್ ಸ್ವಲ್ಪ ನಡೆದು ಸ್ವಲ್ಪ ಓಡಿದೆ. ಯಾರನ್ನೂ ಸಮಾಧಾನ ಮಾಡಬೇಕಾಗಿರಲಿಲ್ಲ. ಓಟದ ದಾರಿ ಹೋಗಿ ತಿರುಗಿ ಬರುವ ಸುತ್ತು ಆಗಿರೋದರಿಂದ ಎದುರಿಗೆ ಒಮ್ಮೆ ಸಿಕ್ಕು ಅಂಗೈಗೆ ಅಂಗೈ ತಟ್ಟಿ ಹೋದರು. ನಿಜ ಹೇಳ್ತೀನಿ, ಮೊದಲ ಸಲ ಕೈ ಹಿಡಿದು ಮುಗಿಸಿದ್ದಕ್ಕಿಂತ ಆ ಒಂದು ತಟ್ಟು ನನಗೆ ಇಂದಿಗೂ ಹತ್ತಿರ.

ಇನ್ನು ಅಭ್ಯಾಸ. ಮಗು ಇರುವವರು ವಾರದ ದಿನಗಳನ್ನು ಹಂಚಿಕೊಳ್ಳಿ. ನಮ್ಮಲ್ಲಿ ಒಬ್ಬರು ಬೆಳಿಗ್ಗೆ ಗೋವಾವೇಸ್ ಈಜುಕೊಳಕ್ಕೆ ಹೋದರೆ ಇನ್ನೊಬ್ಬರು ಡಬ್ಬಿ ಕಟ್ಟಿ ಶಾಲೆಗೆ ಬಿಡೋದು. ಮರುದಿನ ಅದಲುಬದಲು. ಒಟ್ಟಿಗೆ ಸಿಗೋದು ಭಾನುವಾರದ ದೂರದ ಸೈಕಲ್ ಮಾತ್ರ. 1.9 ಕಿ.ಮೀ. ಅಂದರೆ 25 ಮೀಟರ್ ಕೊಳದಲ್ಲಿ 76 ಸಲ, 50 ಮೀಟರಿನದಾದರೆ 38. ಅಷ್ಟನ್ನು ನಿಲ್ಲದೆ ಈಜೋದು ಬಂದಮೇಲೂ ಸಮುದ್ರ ಬೇರೆಯೇ. ಗೋಡೆ ಇಲ್ಲ, ತಳದ ಗೆರೆ ಇಲ್ಲ, ಆಗಾಗ ತಲೆ ಎತ್ತಿ ದಾರಿ ತೋರಿಸುವ ತೇಲುಬುರುಡೆ ನೋಡದಿದ್ದರೆ ಎಲ್ಲೋ ಹೋಗಿರ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಸ್ಪರ್ಧೆ ಇದ್ದರೆ ಆಗ ಉಳಿಯೋದು ಕೆಲವೇ ವಾರ. ಹಾಗಾಗಿ ಫೆಬ್ರವರಿಯಿಂದ ಮೇ ಒಳಗೆ ನಾಲ್ಕೈದು ಭಾನುವಾರ ಜೀವರಕ್ಷಕರು ಇರುವ ಬೀಚಿನಲ್ಲಿ, ದಡಕ್ಕೆ ಸಮಾನಾಂತರವಾಗಿ ಈಜಿ ಬನ್ನಿ. ಈಜಿನ ಗಡುವು ಸಾಮಾನ್ಯವಾಗಿ 70 ನಿಮಿಷ. ನೀರು ಬೆಚ್ಚಗಿರುತ್ತೆ, ಚಳಿ ತಡೆಯೋ ರಬ್ಬರಿನ ಈಜುಡುಪು, ವೆಟ್‌ಸೂಟಿಗೆ ದುಡ್ಡು ಹಾಕಬೇಡಿ.

ಮಳೆಗಾಲದಲ್ಲಿ ಸೈಕಲ್ ತೆಗೊಂಡು ಜಾಂಬೋಟಿ, ಖಾನಾಪುರ ಕಡೆ ಹೋಗಲೇಬೇಡಿ. ಮಂಜು, ಜಡಿಮಳೆ, ತಿರುವಿನಲ್ಲಿ ಲಾರಿ. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ. ಬೈಲಹೊಂಗಲಕ್ಕೆ ಹೋಗಿ ಬಂದರೆ ಹತ್ತಿರ ಹತ್ತಿರ 90 ಕಿಲೋಮೀಟರ್ ಆಗಿಬಿಡುತ್ತೆ. ಆದರೆ ಎರೆಹೊಲದಿಂದ ಟ್ರ್ಯಾಕ್ಟರ್ ಹತ್ತಿದ ಕಡೆ ರಸ್ತೆ ಮೇಲೆ ಕೆಸರು ಅಂಟಿರುತ್ತೆ, ಅದರ ಮೇಲೆ ಬ್ರೇಕ್ ಹಿಡಿದರೆ ಬಿದ್ದೇ ಬೀಳ್ತೀರಿ. ಕಬ್ಬಿನ ಹಂಗಾಮು ಶುರುವಾದ ಮೇಲೆ ನಸುಕಿನಲ್ಲಿ ಹೊರಡಬೇಡಿ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್ ತೀರಾ ಹತ್ತಿರ ಹೋಗುವವರೆಗೂ ಕಾಣೋದಿಲ್ಲ. ನನ್ನ ಗೆಳತಿಯೊಬ್ಬರು ಹಾಗೇ ಡಿಕ್ಕಿ ಹೊಡೆದು ಕೊರಳೆಲುಬು ಮುರ್ಕೊಂಡರು. ನಾವಂತೂ ಬೆಳಕು ಹರಿದ ಮೇಲೇ ಹೊರಡೋದು.

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬೆಳಗಿನ ಗಾಳಿ ತಂಪು. ಇಲ್ಲಿನ ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ನೆರಳಲ್ಲಿ ಓಡಿದ ಮೈ ಗೋವಾದ ಮಧ್ಯಾಹ್ನಕ್ಕೆ ಸಿದ್ಧವಿರೋದಿಲ್ಲ. ಕೊನೆಯ ಮೂರು ವಾರ ನಾವು ಮಧ್ಯಾಹ್ನ ಎರಡಕ್ಕೆ ಓಡಿದೆವು, ಬಹಳ ನಿಧಾನವಾಗಿ. ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿಕೊಂಡರೆ ಗಂಟೆಗೆ ಎಷ್ಟು ಬೆವರು ಹೋಗುತ್ತೆ ಅನ್ನೋದು ಗೊತ್ತಾಗುತ್ತೆ. ಅವರಿಗೆ ನನಗಿಂತ ಅರ್ಧ ಲೀಟರ್ ಹೆಚ್ಚು ಹೋಗ್ತಿತ್ತು. ಮೊದಲ ಸಲ ಇಬ್ಬರಿಗೂ ಒಂದೇ ಅಳತೆಯ ಬಾಟಲಿ ತುಂಬಿದ್ದೆ, ಆ ಸೆಟೆತಕ್ಕೆ ಅದೂ ಒಂದು ಕಾರಣ ಅಂತ ನನಗನಿಸುತ್ತೆ. ತಿನ್ನೋದಕ್ಕೆ ಗಂಟೆಗೆ 60 ಗ್ರಾಂ ಸಕ್ಕರೆ ಅಂಶದ ಲೆಕ್ಕ ಇಟ್ಕೊಳ್ಳಿ, ಅಷ್ಟನ್ನು ಅಭ್ಯಾಸದಲ್ಲೇ ಹೊಟ್ಟೆಗೆ ರೂಢಿ ಮಾಡಿಸಿ. ಗೋಕಾಕದ ಕರದಂಟು ಭಾನುವಾರದ ಸೈಕಲ್ಲಿಗೆ ಬಹಳ ಚಲೋ. ಸ್ಪರ್ಧೆಯ ದಿನ ಬೇಡ, ಅಂಟು ಮತ್ತು ಒಣಹಣ್ಣು ಜೀರ್ಣವಾಗೋದು ತಡ.

ವಿಜಯಪುರದಿಂದ:

ನಮ್ಮದು ಅಣ್ಣ-ತಮ್ಮನ ಜೋಡಿರಿ. ಅಕ್ಕಾರು ಹೇಳಿದ್ದು ಖರೇ, ಆದ್ರ ನಮಗ ಒಂದು ಮಾತು ಬ್ಯಾರೆ ಅನಸ್ತೈತಿ. ನಾವಿಬ್ರೂ ಒಬ್ಬರನ್ನೊಬ್ರು ಬೆನ್ನಟ್ಟಿದಾಗನ ಚಲೋ ಮಾಡೇವಿ. ಮುಂದ ಅಣ್ಣ ಅದಾನ ಅಂದ್ರ ನನ್ನ ಕಾಲು ತಾನ ತಿರಗತಾವು. ಗಂಡ-ಹೆಂಡ್ತಿ ಒಳಗ ಇದು ಹೊಂದತೈತೋ ಇಲ್ಲೋ, ನೀವ ಇಬ್ರೂ ಕೂತು ಕೇಳ್ಕೋರಿ.

ನಮ್ಮ ಊರಾಗ ಸೈಕಲ್ ಅಂದ್ರ ಸಣ್ಣಂದಿರಿಂದ ನೋಡಿದ್ದು. ಕ್ರೀಡಾ ವಸತಿ ನಿಲಯದ ಹುಡುಗೂರು ನಸುಕಿನ್ಯಾಗ ಸಾಲು ಹಿಡದು ಹೊಕ್ಕಾರ. ಅವರಿಂದ ಕಲಿತಿದ್ದು: ಬಯಲು ರಸ್ತೇದಾಗ ಎದುರು ಗಾಳಿ ಇದ್ದಾಗ ವೇಗ ನೋಡಬ್ಯಾಡ್ರಿ, ಉಸಿರು ನೋಡ್ರಿ. ಸೋಲಾಪುರ ರಸ್ತೇದಾಗ ಹೋಗೂ ಮುಂದ ತಾಸಿಗೆ 32 ಕಿಲೋಮೀಟರ್, ಬರೂ ಮುಂದ 22. ಶ್ರಮ ಅಷ್ಟ ಇರತೈತಿ. 90 ಕಿಲೋಮೀಟರ್ ಮುಗಿಸಿ ಇಳದಾಗ ಕಾಲು ಕಟಗಿ ಆಗಿರತಾವು. ಅದಕ್ಕ ವಾರಕ್ಕೊಮ್ಮೆ ಸೈಕಲ್ ಇಳದ ಕೂಡ್ಲೇ ಬೂಟು ಬದಲಿಸಿ ಇಪ್ಪತ್ತು ನಿಮಿಷ ಓಡ್ರಿ. ಇದನ್ನೊಂದು ಬಿಡಬ್ಯಾಡ್ರಿ.

ಟ್ಯೂಬು, ಪಂಪು ಇಬ್ರಿಗೂ ಬ್ಯಾರೆ ಬ್ಯಾರೆ ಇರ್ಲಿ. ಒಬ್ಬ ಸ್ಪರ್ಧಿ ಇನ್ನೊಬ್ಬಗ ಟ್ಯೂಬು ಕೊಡಾಕ ನಿಯಮ ಬಿಡತೈತಿ, ಆದ್ರ ಪಂಚರ್ ಆದಾಗ ನಿಮ್ಮ ಮನಿಯವರು ಹತ್ತು ಕಿಲೋಮೀಟರ್ ಮುಂದ ಇರತಾರ. ಟಯರ್ ಬಿಚ್ಚಿ ಹಾಕೂದನ್ನ ಅವರಿಗೂ ಕಲಸ್ರಿ, ನಿಂತು ನೋಡಿದ್ರ ಬರೂದಿಲ್ಲ, ಅವರ ಕೈಲೇ ಹತ್ತು ಸಲ ಮಾಡಸ್ರಿ. ಓಟದ ಅಳತೆ ನೋಡ್ಕೊಳ್ಳಾಕ ನಮ್ಮ ವೃಕ್ಷಥಾನ್‌ಗೆ ಬರ್ರಿ, 21 ಕಿಲೋಮೀಟರ್ ಓಟ ಐತಿ.

ಬಾಗಲಕೋಟೆಯಿಂದ:

ಒಂದೇ ಮಾತು ಹೇಳಬೇಕು, ದಯವಿಟ್ಟು ಕೇಳಿ. ಸಮುದ್ರ ದೂರ ಅಂತ ಕೆಲವರು ನಮ್ಮ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಂದು ಅಭ್ಯಾಸ ಮಾಡೋಣ ಅಂತಾರೆ. ಬೇಡ. ಕೃಷ್ಣೆಯಲ್ಲಿ ಮೊಸಳೆ ಇವೆ. ಹಿನ್ನೀರಿನ ಅಡಿಯಲ್ಲಿ ಮುಳುಗಿದ ಹಳೇ ಊರಿನ ಗೋಡೆ, ಮುಳ್ಳುಕಂಟಿ ಇವೆ. ನವನಗರಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ ಆ ನೀರಿನ ಕೆಳಗೆ ಏನಿದೆ ಅಂತ ಗೊತ್ತು. ಮೇಲಿನಿಂದ ಕನ್ನಡಿ ಹಾಗೆ ಕಾಣುತ್ತೆ. ಗೋವಾಕ್ಕೇ ಹೋಗಿ.

ಗೋಕಾಕದಿಂದ:

ನಾವು ಮೊದಲ ವರ್ಷ ರಿಲೇ ಮಾಡಿದೆವು: ಈಜು ನನ್ನದು, ಸೈಕಲ್ ನನ್ನ ಹೆಂಡತಿಯದು, ಓಟಕ್ಕೆ ಅವಳ ತಮ್ಮ. ನೀವು ಇಬ್ಬರೂ ಸಮುದ್ರಕ್ಕೆ ಹೊಸಬರು, ಮಗಳು ಚಿಕ್ಕವಳು. ಒಂದು ವರ್ಷ ಹೀಗೆ ಮಾಡಿ ಜಾಗ ನೋಡಿಕೊಂಡರೆ ನಷ್ಟವಿಲ್ಲ ಅಂತ ನನ್ನ ಅನಿಸಿಕೆ. ಇನ್ನೊಂದು, ನಮ್ಮ ಅತ್ತೆಯವರನ್ನು ಗೋವಾಕ್ಕೆ ಕರಕೊಂಡು ಹೋಗಿದ್ದೆವು, ಮಗು ಅವರ ಹತ್ತಿರ ಇತ್ತು. ಬಿಸಿಲಲ್ಲಿ ಏಳು ಗಂಟೆ ಅವರಿಬ್ಬರಿಗೂ ಕಷ್ಟವಾಯಿತು. ಮರುವರ್ಷ ಮಗುವನ್ನು ಊರಲ್ಲೇ ಬಿಟ್ಟೆವು. ಮುಗಿದ ಕೂಡಲೇ ಫೋನ್ ಮಾಡಿದಾಗ ಮಗು ಕೇಳಿದ್ದು "ಅವ್ವ ಫಸ್ಟ್ ಬಂದ್ಳೋ, ಅಪ್ಪನೋ?"

ಕೇಳಿದವರು, ಬೆಳಗಾವಿ:

ಎಲ್ಲರಿಗೂ ಶರಣು. ಇವತ್ತು ರಾತ್ರಿ ಊಟ ಆದಮ್ಯಾಲ ಇಬ್ಬರೂ ಕೂತು ಇದನ್ನ ಓದಿದಿವಿ. ಟಿಳಕವಾಡಿ ಅಕ್ಕಾರು ಹೇಳಿದ ಪ್ರಶ್ನಿ ಆಕಿಗೆ ಕೇಳಿದೆ: ಓಟದಾಗ ನಾ ಕುಸಿದ್ರ ನೀ ಏನ್ ಮಾಡ್ತಿ? ನಾ ಇರತೀನಿ ಅಂತಾಳ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮ ಇದ್ದು "ನಂಗ ಏಳೂವರಿ ಒಳಗ ಮುಗಿಸೂ ಆಸೆ ಐತಿ" ಅಂದ್ಲು. ನನಗ ಇದು ಗೊತ್ತ ಇರಲಿಲ್ರಿ. ಇಬ್ಬರೂ ಪೂರ್ತಿ ಸ್ಪರ್ಧೆಗೇ ಹೆಸರು ಹಚ್ಚತೇವಿ, ಮಗಳು ಅಜ್ಜಿ ಕಡೆ ಇರ್ತಾಳ. ಬ್ಯಾರೆ ಏನರ ಮರತೇವೇನು?

ಟಿಳಕವಾಡಿಯಿಂದ:

ಅವರು ಬಾಯಿ ಬಿಟ್ಟು ಹೇಳಿದ್ದು ಕೇಳಿ ಬಹಳ ಸಂತೋಷ ಆಯ್ತು. ನನಗೆ ಅದನ್ನು ಹೇಳೋದಕ್ಕೆ ಒಂದು ರೇಸ್ ಬೇಕಾಯ್ತು.

ಮರೆತದ್ದು ಒಂದಿದೆ, ಕಾರಿನ ಕೀಲಿ. ಇಬ್ಬರೂ ನೀರಿನಲ್ಲಿ ಇರ್ತೀರಿ, ಹೊರಗೆ ನಿಮ್ಮವರು ಯಾರೂ ಇರೋದಿಲ್ಲ. ಬೆಳಿಗ್ಗೆ ಒಪ್ಪಿಸುವ ಬಟ್ಟೆಯ ಚೀಲ ಒಬ್ಬೊಬ್ಬರಿಗೆ ಒಂದೊಂದು, ಅದು ಅವರವರ ನಂಬರಿಗೇ ಸಿಗೋದು. ಮೊದಲು ಮುಗಿಸುವವರ ಚೀಲದಲ್ಲಿ ಕೀಲಿ ಇಡಿ, ಒಣ ಬಟ್ಟೆ ಮತ್ತು ಸ್ವಲ್ಪ ನಗದು ಇಬ್ಬರದರಲ್ಲೂ ಇರಲಿ. ನಮ್ಮ ಎರಡನೇ ಸಲ ಕೀಲಿ ನನ್ನ ಚೀಲದಲ್ಲಿತ್ತು, ಅವರು ಮುಂಚೆ ಮುಗಿಸಿ ಒದ್ದೆ ಬಟ್ಟೆಯಲ್ಲೇ ಮುಕ್ಕಾಲು ಗಂಟೆ ನಿಂತಿದ್ದರು. ಈಗ ನೀವು ಹೇಳಿದ್ದು ನೋಡಿದರೆ, ಕೀಲಿ ನಿಮ್ಮ ಹೆಂಡತಿಯವರ ಚೀಲದಲ್ಲಿ ಇರಲಿ.