ಯಾರೂ ಬಂದು ಕೇಳದ ಸಾಮಾನು ಕೊನೆಗೆ ಯಾರದ್ದು?

ಖಾಲಿಕೋಣೆ:
ಬಾಡಿಗೆಗೆ ಇದ್ದವರು ಹೇಳದೆ ಕೇಳದೆ ಹೋಗಿಬಿಟ್ಟಿದ್ದಾರೆ. ಫೋನ್ ಸ್ವಿಚ್ ಆಫ್. ಬೀರು, ಬೀಗ ಹಾಕಿದ ಟ್ರಂಕು, ಓಡದ ಬೈಕು ಎಲ್ಲಾ ಒಳಗೇ ಇವೆ. ಆರು ತಿಂಗಳು ಯಾರೂ ಬರದಿದ್ದರೆ ಅದು ನಿನ್ನದೇ, ಮಾರಿಬಿಡು ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ಇಂಥ ಕಾನೂನು ನಿಜವಾಗಲೂ ಇದೆಯಾ, ಇಲ್ಲ ಸುಮ್ನೆ ಬಾಯಿಮಾತಾ?

ಕರಿಕೋಟು:
ಬಾಯಿಮಾತೇ. ಇಷ್ಟು ದಿನ ಸುಮ್ಮನಿದ್ದರು ಅನ್ನೋ ಒಂದೇ ಕಾರಣಕ್ಕೆ ಒಬ್ಬರ ವಸ್ತು ಇನ್ನೊಬ್ಬರದ್ದಾಗುವುದಿಲ್ಲ. ಕೋರ್ಟ್ ಮೊದಲು ಕೇಳುವುದು, ಮಾಲೀಕ ಅದನ್ನು ಬೇಡ ಅಂತಲೇ ಬಿಟ್ಟನಾ, ಕಳೆದುಕೊಂಡನಾ, ಅಥವಾ ಎಲ್ಲೋ ಇಟ್ಟು ಮರೆತನಾ ಅಂತ. ಬೇಡ ಅಂತ ಬಿಟ್ಟಿದ್ದರೆ ಮಾತ್ರ ಸಿಕ್ಕವರು ತಮ್ಮದು ಅನ್ನಬಹುದು, ಆದರೆ ಆ ಉದ್ದೇಶ ಇತ್ತು ಅಂತ ತೋರಿಸುವ ಹೊಣೆ ತಮ್ಮದು ಅನ್ನುವವರ ಮೇಲೆಯೇ ಬೀಳುತ್ತದೆ. ಬೀಗ ಹಾಕಿದ ಟ್ರಂಕನ್ನು ಬೇಡ ಅಂತ ಬಿಟ್ಟರು ಅಂದರೆ ಯಾರು ನಂಬುತ್ತಾರೆ?

ಉಳಿದ ಎರಡರ ನಡುವೆ ಗೆರೆ ಎಳೆಯುವುದು ನನಗಂತೂ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. 1851ರಲ್ಲಿ ಇಂಗ್ಲೆಂಡಿನಲ್ಲಿ ಅಂಗಡಿಯ ನೆಲದ ಮೇಲೆ ನೋಟಿನ ಕಟ್ಟು ಬಿದ್ದಿತ್ತು, ಮಾಲೀಕ ಪತ್ತೆಯಾಗದ್ದರಿಂದ ಸಿಕ್ಕವನಿಗೇ ಹೋಯಿತು. 1866ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕ್ಷೌರದಂಗಡಿಯ ಮೇಜಿನ ಮೇಲೆ ಪರ್ಸ್ ಸಿಕ್ಕಿತು, ಯಾರೋ ಇಟ್ಟು ಮರೆತದ್ದು, ಅವರು ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ, ಆದ್ದರಿಂದ ಅಂಗಡಿಯವನ ಹತ್ತಿರವೇ ಇರಲಿ ಅಂದಿತು ಕೋರ್ಟ್. ಅದೇ ಪರ್ಸ್ ಜಾರಿ ನೆಲಕ್ಕೆ ಬಿದ್ದಿದ್ದರೆ?

ಗುಜರಿಪ್ರಿಯ:
ನಂಗೆ ಇಷ್ಟವಾದ ಕೇಸು 1722ರದ್ದು. ಚಿಮಣಿ ಗುಡಿಸುವ ಹುಡುಗನಿಗೆ ಒಂದು ಒಡವೆ ಸಿಗುತ್ತದೆ, ಬೆಲೆ ಕೇಳಲು ಅಕ್ಕಸಾಲಿಗನ ಅಂಗಡಿಗೆ ಒಯ್ಯುತ್ತಾನೆ, ಅಲ್ಲಿ ಕೆಲಸ ಕಲಿಯುತ್ತಿದ್ದವನು ತೂಕ ಹಾಕುವ ನೆಪದಲ್ಲಿ ಕಲ್ಲುಗಳನ್ನು ಕಿತ್ತಿಟ್ಟುಕೊಂಡು ಕಲ್ಲು ಕೂರಿಸುವ ಬರೀ ಗೂಡನ್ನು ಮಾತ್ರ ವಾಪಸ್ ಕೊಡುತ್ತಾನೆ. ಹುಡುಗ ಕೋರ್ಟಿಗೆ ಹೋಗಿ ಗೆದ್ದ. ನಿಜವಾದ ಮಾಲೀಕನೊಬ್ಬನನ್ನು ಬಿಟ್ಟರೆ ಬೇರೆಲ್ಲರಿಗಿಂತ ಸಿಕ್ಕವನ ಹಕ್ಕೇ ಮೇಲು ಅನ್ನುವುದು ತೀರ್ಪು. ಕಲ್ಲು ತೋರಿಸದಿದ್ದರೆ ಆ ಗೂಡಿಗೆ ಹೊಂದುವ ಅತ್ಯುತ್ತಮ ಕಲ್ಲಿನ ಬೆಲೆಯನ್ನೇ ಲೆಕ್ಕ ಹಿಡಿಯಿರಿ ಅಂತಲೂ ಜ್ಯೂರಿಗೆ ಹೇಳಿದರು!

ಇನ್ನೊಂದು, ಕಸಕ್ಕೆ ಎಸೆದದ್ದೆಲ್ಲಾ ಯಾರದ್ದೂ ಅಲ್ಲ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ದಾನದ ಅಂಗಡಿಯ ಬಾಗಿಲಲ್ಲಿ ಜನ ಬಿಟ್ಟುಹೋದ ಚೀಲ ಎತ್ತಿಕೊಂಡವನ ಮೇಲೆ ಕಳ್ಳತನದ ಕೇಸು ನಡೆದಿದೆ. ಕೊಟ್ಟವರು ಅದನ್ನು ಬಿಸಾಕಿರಲಿಲ್ಲ, ಅಂಗಡಿಗೆ ಸೇರಲಿ ಅಂತ ಇಟ್ಟಿದ್ದರು.

ಸುಮ್ನೆ_ಓದುಗ:
ಜಮೀನಿಗೂ ಇದೇ ರೂಲ್ಸಾ? ನಂಗೆ ಬೇಡ ಅಂತ ಬಿಟ್ಟು ಹೋಗಬಹುದಾ?

ಕರಿಕೋಟು:
ಅಷ್ಟು ಸುಲಭ ಅಲ್ಲ. 1995ರ ಒಂದು ಕೇಸಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ದಂಪತಿ ಖಾಲಿ ಸೈಟು ಬೇಡವೇ ಬೇಡ, ನಾವು ಬಿಟ್ಟುಬಿಟ್ಟಿದ್ದೇವೆ ಅಂದರು. ಪತ್ರ ನಿಮ್ಮ ಹೆಸರಲ್ಲಿ ಸರಿಯಾಗಿದೆ, ಬಿಡೋಕೆ ಆಗಲ್ಲ, ಬಡಾವಣೆ ಸಂಘದ ಶುಲ್ಕ ಕಟ್ಟಿ ಅಂದಿತು ಕೋರ್ಟ್. ಆದರೆ ಜರ್ಮನಿಯಲ್ಲಿ ನೋಂದಣಿ ಕಚೇರಿಗೆ ಬರೆದುಕೊಟ್ಟು ಬಿಡಬಹುದು, ಆಮೇಲೆ ಅದನ್ನು ತೆಗೆದುಕೊಳ್ಳುವ ಹಕ್ಕು ಸರ್ಕಾರದ್ದು. ವಾರಸುದಾರರೇ ಇಲ್ಲದೆ, ಉಯಿಲೂ ಇಲ್ಲದೆ ಸತ್ತರೆ ಹೆಚ್ಚಿನ ದೇಶಗಳಲ್ಲಿ ಆಸ್ತಿ ಸರ್ಕಾರಕ್ಕೇ ಹೋಗುತ್ತದೆ.

ಬ್ಯಾಂಕಿನ ದುಡ್ಡಿನ ಕಥೆ ಬೇರೆ. ಭಾರತದಲ್ಲಿ 10 ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಆಮೇಲೂ ಮಾಲೀಕ ಅಥವಾ ವಾರಸುದಾರ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ಹಣದ ಜಾಗ ಬದಲಾಗುತ್ತದೆ, ಹಕ್ಕು ಹಾಗೇ ಇರುತ್ತದೆ.

ಖಾಲಿಕೋಣೆ:
ಕಥೆಗಳೆಲ್ಲಾ ಚೆನ್ನಾಗಿವೆ ಸರ್, ಆದ್ರೆ ನಾನೀಗ ಆ ಬೀರು ಏನು ಮಾಡಲಿ? ಕೋಣೆ ಖಾಲಿ ಆಗಬೇಕಲ್ಲ.

ಕರಿಕೋಟು:
ಅವರ ಕೊನೆಯ ವಿಳಾಸಕ್ಕೆ, ಕರಾರುಪತ್ರದಲ್ಲಿ ಬೇರೆ ವಿಳಾಸ ಇದ್ದರೆ ಅಲ್ಲಿಗೂ, ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಇಂಥ ದಿನದೊಳಗೆ ಬಂದು ಒಯ್ಯಿರಿ, ಇಲ್ಲದಿದ್ದರೆ ಮುಂದಿನ ಕ್ರಮ ಅಂತ ಸ್ಪಷ್ಟವಾಗಿ ಬರೆಯಿರಿ. ಕರಾರಿನಲ್ಲಿ ಬಿಟ್ಟುಹೋದ ಸಾಮಾನಿನ ಬಗ್ಗೆ ಷರತ್ತು ಇದೆಯಾ ನೋಡಿ, ಇದ್ದರೆ ಕೆಲಸ ಎಷ್ಟೋ ಹಗುರ. ಸಾಕ್ಷಿ ಇಟ್ಟುಕೊಂಡು ಪಟ್ಟಿ ಮಾಡಿ, ಫೋಟೋ ತೆಗೆದು, ಸಾಮಾನನ್ನು ಬೇರೆ ಕಡೆ ಜೋಪಾನವಾಗಿ ಇಡಿ. ಟ್ರಂಕಿನ ಬೀಗ ಒಬ್ಬರೇ ಒಡೆಯಬೇಡಿ. ಒಳಗೆ ಚಿನ್ನ ಇತ್ತು ಅಂತ ಅವರು ನಾಳೆ ಹೇಳಿದರೆ ಏನು ಉತ್ತರ ಕೊಡುತ್ತೀರಿ? ಮಾರುವ ಮಾತು ಆಮೇಲೆ, ಅದೂ ವಕೀಲರನ್ನು ಒಮ್ಮೆ ಕೇಳಿ. ಮಾರಿದರೂ ಬಾಕಿ ಬಾಡಿಗೆ ಎಷ್ಟು, ಬಂದ ದುಡ್ಡು ಎಷ್ಟು ಅಂತ ಲೆಕ್ಕ ಬರೆದಿಡಿ.

ಗುಜರಿಪ್ರಿಯ:
ಬೈಕಿನ ವಿಷಯ ಪೊಲೀಸರಿಗೆ ಮೊದಲೇ ಬರೆದುಕೊಡಿ. ಕದ್ದ ಗಾಡಿಯಾಗಿದ್ದರೆ ನೀವು ಸಿಕ್ಕಿಬೀಳುತ್ತೀರಿ.