ಜೇಡಿಮಣ್ಣಿನ ‘ಟ್ಯಾಬ್ಲೆಟ್’: ಮಕ್ಕಳಿಗೆ ತಿಳಿಯುವ ಮಾತು ಬೇಕು (ತುರ್ತು)

ಪ್ರಶ್ನೆ, ಶಿವಮೊಗ್ಗದಿಂದ

ಮಾನ್ಯರೇ, ನಮ್ಮ ಮಕ್ಕಳ ಗ್ರಂಥಾಲಯದಲ್ಲಿ ಹಳೆಯ ಕಾಲದ ದಿನಬಳಕೆಯ ಬದುಕಿನ ಬಗ್ಗೆ ಒಂದು ಸಣ್ಣ ಪ್ರದರ್ಶನವಿದೆ. ನನ್ನ ಪಾಲಿಗೆ ಬಂದಿರುವುದು ಮೆಸೊಪೊಟೇಮಿಯದ ಶಾಲೆ. ಇಂದಿನ ಇರಾಕಿನಲ್ಲಿರುವ ನಿಪ್ಪುರ್ ಪಟ್ಟಣದಲ್ಲಿ, ಕ್ರಿ.ಪೂ. 18ನೆಯ ಶತಮಾನದ ಸುಮಾರಿಗೆ, ಹುಡುಗರು ಹೇಗೆ ಬರೆಯಲು ಕಲಿಯುತ್ತಿದ್ದರು ಎಂಬ ವಿಷಯ. ನಾಳೆ ಮಧ್ಯಾಹ್ನದೊಳಗೆ ಬರಹ ಮುದ್ರಣಕ್ಕೆ ಹೋಗಬೇಕು.

ತೊಡಕು ಇಷ್ಟೇ: ಅವರು ಬರೆಯುತ್ತಿದ್ದ ಜೇಡಿಮಣ್ಣಿನ ವಸ್ತುವನ್ನು ಏನೆಂದು ಕರೆಯಲಿ? ‘ಫಲಕ’ ಎಂದರೆ ಮಕ್ಕಳಿಗೆ ರಸ್ತೆಬದಿಯ ನಾಮಫಲಕ ನೆನಪಾಗುತ್ತದೆ. ‘ಟ್ಯಾಬ್ಲೆಟ್’ ಎಂದರೆ ಮನೆಯಲ್ಲಿ ಅಪ್ಪ ಕಿತ್ತಿಟ್ಟುಕೊಂಡಿರುವ ಸಾಧನ. ಯಂತ್ರಾನುವಾದ ‘ಮಣ್ಣಿನ ಮಾತ್ರೆ’ ಎಂದಿತು. ಊಟದ ನಂತರ ಎರಡು ಎಂದು ಸೇರಿಸಿದ್ದರೆ ಸರಿಹೋಗುತ್ತಿತ್ತು. ಓದುವವರು ಮೂರನೆಯ, ನಾಲ್ಕನೆಯ ತರಗತಿಯವರು. ಬರೆಯುವ ಕಡ್ಡಿಗೂ ಒಂದು ಹೆಸರು ಸೂಚಿಸಿದರೆ ಉಪಕಾರ.

ಮೈಸೂರಿನಿಂದ

ಫಲಕ. ಪಠ್ಯಪುಸ್ತಕಗಳ ಭಾಷೆಗೆ ಹೊಂದುವುದು ಅದೇ. ಇದರಲ್ಲಿ ಚರ್ಚಿಸುವುದು ಏನಿದೆ?

ಮಂಗಳೂರಿನಿಂದ

ಇದೆ. ಎಂಟು ವರ್ಷದ ಮಗುವಿನ ಬಾಯಲ್ಲಿ ಮಹಾಪ್ರಾಣ ಏಕೆ ತುರುಕಬೇಕು? ‘ಹಲಗೆ’ ಎನ್ನಿ. ಹಳಗನ್ನಡದ ಪಲಗೆ, ತಮಿಳಿನ ಪಲಗೈ, ಎಲ್ಲವೂ ಒಂದೇ ಬುಡದವು. ಸಂಸ್ಕೃತದ ಫಲಕವೇ ನಮ್ಮ ಪಲಗೆಯಿಂದ ಹೋದದ್ದು ಎಂದು ನಾನು ಈ ಬಳಗದಲ್ಲಿ ಹಿಂದೆಯೂ ವಿವರಿಸಿದ್ದೇನೆ.

ಮೈಸೂರಿನಿಂದ

ಹಿಂದೆಯೂ ಯಾರೂ ಒಪ್ಪಿರಲಿಲ್ಲ. ಫಲಕ ತತ್ಸಮ, ಹಲಗೆ ತದ್ಭವ. ಅದಿರಲಿ, ಹಲಗೆ ಎಂದರೆ ಮರದ್ದು. ಮಣ್ಣಿನ ಹಲಗೆ ಎಂದು ಬರೆದರೆ ಮಕ್ಕಳು ನಗುತ್ತಾರೆ.

ಧಾರವಾಡದಿಂದ

ನಮ್ಮ ಕಡೆ ಹಲಗೆ ಎಂದರೆ ಬಾರಿಸುವ ವಾದ್ಯವೂ ಹೌದು. ಹೋಳಿ ಹುಣ್ಣಿಮೆಯಲ್ಲಿ ಬಂದು ನೋಡಿ. ಮಕ್ಕಳಿಗೆ ಹೇಳುವುದಾದರೆ ‘ಪಾಟಿ’ ಎನ್ನಿ, ಮುಗಿಯಿತು. ಶಾಲೆ, ಪಾಟಿಚೀಲ, ಅಕ್ಷರ ತಿದ್ದುವುದು, ಎಲ್ಲವೂ ಒಂದೇ ಮಾತಿನಲ್ಲಿ ಕಣ್ಣಮುಂದೆ ಬರುತ್ತವೆ.

ಮಂಗಳೂರಿನಿಂದ

ಪಾಟಿ ಮರಾಠಿ.

ಧಾರವಾಡದಿಂದ

ಆಗಲಿ. ನೀವು ಕೈಯಲ್ಲಿ ಹಿಡಿದು ಕಲಿತ ಸ್ಲೇಟು ಯಾವ ಊರಿನದು ಎಂದು ನಾನು ಕೇಳಿಲ್ಲವಲ್ಲ. ಪಾಟೀಗಣಿತ ಎಂಬ ಮಾತು ಸಂಸ್ಕೃತದಲ್ಲೇ ಇದೆ, ಲೆಕ್ಕದ ಹಲಗೆಯ ಮೇಲೆ ಮಾಡುವ ಗಣಿತಕ್ಕೆ. ಮರಾಠಿಯ ಬಾಗಿಲಿನಿಂದ ಬಂದಿತು ಎಂಬ ಒಂದೇ ಕಾರಣಕ್ಕೆ ಅರ್ಧ ರಾಜ್ಯದ ಮಕ್ಕಳ ಮಾತನ್ನು ಹೊರಗೆ ನಿಲ್ಲಿಸಬೇಡಿ.

ಬೆಂಗಳೂರಿನಿಂದ

ಪದ ಆರಿಸುವ ಮುನ್ನ ವಸ್ತುವನ್ನು ನೋಡೋಣ. ನಾನು ಇತಿಹಾಸ ಪಾಠ ಮಾಡುವವಳು, ವ್ಯಾಕರಣ ನಿಮಗೆ ಬಿಟ್ಟಿದ್ದೇನೆ.

ನಿಪ್ಪುರಿನಲ್ಲಿ 1951–52ರಲ್ಲಿ ಅಗೆದ ಒಂದು ಸಾಧಾರಣ ಮನೆಯಲ್ಲಿ 1,400ರಷ್ಟು ಬರಹದ ತುಂಡುಗಳು ದೊರೆತವು. ಬಹುಪಾಲು ಹುಡುಗರ ಅಭ್ಯಾಸದವು. ಅವುಗಳಲ್ಲಿ ಎಲ್ಲವೂ ಚೌಕವಲ್ಲ. ಅಂದಿನ ಶಾಲೆಗಳಲ್ಲಿ ಬಳಕೆಯಲ್ಲಿದ್ದ ಒಂದು ಬಗೆ ದುಂಡಗೆ ಇರುತ್ತದೆ, ನಡುವೆ ಉಬ್ಬು, ಅಂಚಿನಲ್ಲಿ ತೆಳುವು, ಅಂಗೈಯಲ್ಲಿ ಕೂರುವಷ್ಟು. ಗುರು ಒಂದೆರಡು ಸಾಲು ಬರೆದುಕೊಡುತ್ತಾನೆ. ಹುಡುಗ ಅದರ ಕೆಳಗೆ ಅಥವಾ ಹಿಂಬದಿಯಲ್ಲಿ ಅದನ್ನೇ ಬರೆಯುತ್ತಾನೆ. ಎರಡು ಕೈಗಳ ವ್ಯತ್ಯಾಸ ಇಂದಿಗೂ ಕಣ್ಣಿಗೆ ಹೊಡೆಯುತ್ತದೆ: ಮೇಲಿನದು ಒಪ್ಪವಾಗಿ, ಕೆಳಗಿನದು ಜಾರಿಕೊಂಡು.

ಇದನ್ನು ಹಲಗೆ ಎನ್ನಲು ಬರುವುದಿಲ್ಲ. ಪಾಟಿ ಎಂದರೂ ಚೌಕಟ್ಟು ಕಾಣುತ್ತದೆ. ‘ಬಿಲ್ಲೆ’ ಎನ್ನಬಾರದೇಕೆ? ಸೋಪಿನ ಬಿಲ್ಲೆ, ಕುಂಟೆಬಿಲ್ಲೆ ಯಾವ ಮಗುವಿಗೆ ಗೊತ್ತಿಲ್ಲ?

ಇನ್ನೊಂದು ಎಚ್ಚರಿಕೆ. ಯಾರಾದರೂ ‘ಹಂಚು’ ಎಂದು ಸೂಚಿಸುವ ಮೊದಲೇ ಹೇಳುತ್ತೇನೆ: ಇವು ಸುಟ್ಟವಲ್ಲ. ಬಿಸಿಲಿಗೆ ಒಣಗಿದವು, ಅಷ್ಟೇ. ಪಾಠ ಮುಗಿದ ಮೇಲೆ ನೀರಿನಲ್ಲಿ ನೆನೆಸಿ, ನಾದಿ, ಮತ್ತೆ ಹೊಸದಾಗಿ ತಟ್ಟುತ್ತಿದ್ದರು. ಆ ಮನೆಯಲ್ಲಿ ಅದಕ್ಕೆಂದೇ ಒಂದು ತೊಟ್ಟಿ ಸಿಕ್ಕಿದೆ. ಬೇಡವಾದವನ್ನು ನೆಲಕ್ಕೂ ಗೋಡೆಗೂ ತುಂಬಿದ್ದರು, ನಮಗೆ ಉಳಿದಿರುವುದು ಆ ಕಾರಣಕ್ಕೆ. ಕ್ರಿ.ಪೂ. 612ರಲ್ಲಿ ಅಸ್ಸೀರಿಯದ ರಾಜಧಾನಿ ನಿನೆವೆ ಬಿದ್ದಾಗ ಅರಮನೆಗೆ ಹತ್ತಿದ ಬೆಂಕಿಯಲ್ಲಿ ಅಲ್ಲಿನ ಬರಹಗಳು ಬೆಂದು ಗಟ್ಟಿಯಾದವು. ಅದು ಬೇರೆ ಕಥೆ, ಶಾಲೆಯ ಬೋರ್ಡಿಗೆ ಎಳೆಯಬೇಡಿ.

ಮಂಗಳೂರಿನಿಂದ

ಬಿಲ್ಲೆ ಒಪ್ಪಿದೆ. ಕಡ್ಡಿಗೆ ‘ಕಂಟ’ ಎನ್ನಿ. ತಾಳೆಗರಿಯ ಮೇಲೆ ಬರೆಯಲು ನಮ್ಮ ಹಿರಿಯರು ಬಳಸಿದ ಸಾಧನ. ತೆಲುಗಿನಲ್ಲಿ ಗಂಟಮು. ಇಂತಹ ಪದ ಮನೆಯಲ್ಲೇ ಇರುವಾಗ ಕಡ್ಡಿ, ಪೆನ್ನು ಎಂದು ಬಡತನ ತೋರುವುದು ಬೇಡ.

ಮೈಸೂರಿನಿಂದ

ಮನೆಯಲ್ಲೇ ಇರುವ ಕಂಟಕ್ಕೆ ಸಂಸ್ಕೃತದ ಕಂಟಕದ ಜೊತೆ ಇರುವ ನಂಟನ್ನು ಯಾವಾಗ ಕಡಿದುಕೊಂಡಿರಿ?

ಬೆಂಗಳೂರಿನಿಂದ

ನಂಟು ಹೇಗೂ ಇರಲಿ, ಕೆಲಸ ಬೇರೆ. ಕಂಟ ಕಬ್ಬಿಣದ್ದು, ಗರಿಯನ್ನು ಕೊರೆಯುತ್ತದೆ, ಆಮೇಲೆ ಮಸಿ ತೀಡಬೇಕು. ಮೆಸೊಪೊಟೇಮಿಯದವರದು ಜೊಂಡಿನ ಕಡ್ಡಿ. ಅದರ ಮೂಲೆಯನ್ನು ಹಸಿ ಮಣ್ಣಿಗೆ ಒತ್ತಿ ಎತ್ತುತ್ತಾರೆ. ಒತ್ತಿದ ಕಡೆ ತಲೆ ದಪ್ಪ, ಬಾಲ ಸಣ್ಣ. ಆದ್ದರಿಂದಲೇ ಅದು ಬೆಣೆಲಿಪಿ. ‘ಕೊರೆದರು’ ಎಂದು ಎಲ್ಲಿಯೂ ಬರೆಯಬೇಡಿ, ‘ಒತ್ತಿದರು’ ಎನ್ನಿ. ಮಕ್ಕಳಿಗೆ ಸ್ವಲ್ಪ ಹಸಿ ಮಣ್ಣು ಮತ್ತು ಐಸ್‌ಕ್ಯಾಂಡಿ ಕಡ್ಡಿ ಕೊಟ್ಟರೆ ಈ ಇಡೀ ಚರ್ಚೆಯನ್ನು ಅವರು ಒಂದು ನಿಮಿಷದಲ್ಲಿ ಮುಗಿಸುತ್ತಾರೆ.

ಶಿವಮೊಗ್ಗದಿಂದ

ಧನ್ಯವಾದ, ಬಿಲ್ಲೆ ಮತ್ತು ಜೊಂಡಿನ ಕಡ್ಡಿ ಹಾಕಿಕೊಂಡೆ. ಇನ್ನೊಂದು ಸಂದೇಹ. ಮೊದಲು ನೆಟ್ಟಗೆ, ಅಡ್ಡಲಾಗಿ, ಓರೆಯಾಗಿ ಒಂದೊಂದೇ ಬೆಣೆ ಒತ್ತಿಸಿ, ನಂತರ ‘ತು ತ ತಿ, ನು ನ ನಿ, ಬು ಬ ಬಿ’ ಎಂದು ಬರೆಸುತ್ತಿದ್ದರಂತೆ. ಇದನ್ನು ‘ಕಾಗುಣಿತ’ ಎನ್ನಬಹುದೇ?

ಮೈಸೂರಿನಿಂದ

ಬಾರದು. ಕಾಗುಣಿತವೆಂದರೆ ವ್ಯಂಜನಕ್ಕೆ ಸ್ವರಚಿಹ್ನೆ ಹತ್ತುವುದು. ಅಲ್ಲಿ ‘ತು’ ಒಂದು ಗುರುತು, ‘ತ’ ಇನ್ನೊಂದು, ‘ತಿ’ ಮತ್ತೊಂದು. ಒಂದಕ್ಕೊಂದು ಹೋಲಿಕೆಯೇ ಇಲ್ಲ.

ಧಾರವಾಡದಿಂದ

ಬರುತ್ತದೆ. ‘ಅವರ ಕಾಗುಣಿತ’ ಎಂದು ಹಾಕಿ. ಬಾಯಿಪಾಠ ಮಾಡಿದ ಮಗುವಿಗೆ ರಾಗ ಸಾಕು. ಮೈಸೂರಿನವರಿಗೆ ಬೇಕಾದ ವ್ಯತ್ಯಾಸವನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ.

ಮಂಗಳೂರಿನಿಂದ

ಶಾಲೆಯನ್ನೂ ‘ಬಿಲ್ಲೆಮನೆ’ ಎಂದುಬಿಡಿ. ಮೆಸೊಪೊಟೇಮಿಯದ ಹಳೆಯ ಭಾಷೆಯಾದ ಸುಮೇರಿಯಲ್ಲಿ ಶಾಲೆಗೆ ಎದುಬ್ಬಾ. ‘ಎ’ ಎಂದರೆ ಮನೆ, ‘ದುಬ್’ ಎಂದರೆ ಬಿಲ್ಲೆ. ಅವರೇ ತಮ್ಮ ಮಾತಿನಲ್ಲಿ ಪದ ಕಟ್ಟಿಕೊಂಡಿದ್ದಾರೆ, ಯಾರಿಂದಲೂ ಸಾಲ ಕೇಳಲಿಲ್ಲ. ನಾವು ಮಾತ್ರ ಶಾಲೆ, ಲಿಪಿ, ಪುಸ್ತಕ, ಎಲ್ಲಕ್ಕೂ ಕೈ ಚಾಚುತ್ತೇವೆ.

ಬೆಂಗಳೂರಿನಿಂದ

ಲಿಪಿ ಎಂದಿರಲ್ಲ, ಒಳ್ಳೆಯದಾಯಿತು. ನೀವು ಹೊಗಳಿದ ಆ ‘ದುಬ್’ ಮೆಸೊಪೊಟೇಮಿಯದ್ದೇ ಇನ್ನೊಂದು ಭಾಷೆಯಾದ ಅಕ್ಕಾಡಿಗೆ ಹೋಗಿ ತುಪ್ಪು ಆಯಿತು, ಪಕ್ಕದ ನಾಡಿನ ಎಲಾಮಿ ಭಾಷೆಗೆ ಹೋಗಿ ತುಪ್ಪಿ ಆಯಿತು, ಹಳೆಯ ಪರ್ಷಿಯನ್ನಿನಲ್ಲಿ ದಿಪಿ ಆಯಿತು. ಇಂದಿನ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿಯ ಅಶೋಕನ ಶಾಸನದಲ್ಲಿ ದಿಪಿ ಎಂದೇ ಇದೆ. ನಮ್ಮ ಲಿಪಿಯೂ ಅದೇ ದಾರಿಯಲ್ಲಿ ಬಂದದ್ದು ಎಂಬುದು ಬಹುಮಂದಿ ವಿದ್ವಾಂಸರ ಮತ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಿ ನೋಡಿ: ಅಶೋಕನ ಶಾಸನ ಬರೆದ ಚಪಡ ಎಂಬಾತ ಕೊನೆಯಲ್ಲಿ ‘ಲಿಪಿಕರ’ ಎಂಬ ತನ್ನ ಬಿರುದನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ದಿವಾನ ಎಂಬ ಮಾತಿನ ಬುಡದಲ್ಲಿಯೂ ಇದೇ ದಿಪಿ ಇದೆ. ಮೈಸೂರಿನ ದಿವಾನರು ಸುಮೇರಿ ಬಿಲ್ಲೆಯ ದೂರದ ನಂಟರು!

ಮಂಗಳೂರಿನಿಂದ

ನಾಲ್ಕು ಭಾಷೆ ದಾಟಿಸಿದರೆ ಯಾವ ಪದವನ್ನು ಎಲ್ಲಿಗೆ ಬೇಕಾದರೂ ತಲುಪಿಸಬಹುದು.

ಮೈಸೂರಿನಿಂದ

ಪಲಗೆಯನ್ನು ಸಂಸ್ಕೃತಕ್ಕೆ ತಲುಪಿಸಿದವರು ಹೇಳುತ್ತಿದ್ದಾರೆ.

ಬೆಂಗಳೂರಿನಿಂದ

ಜಗಳ ಆಮೇಲೆ ಆಡಿ, ಶಿವಮೊಗ್ಗದವರಿಗೆ ಸಮಯವಿಲ್ಲ. ಅವರ ಬೋರ್ಡಿಗೆ ಬೇಕಾದ ಒಂದು ಸಂಗತಿ: ಎದುಬ್ಬಾದ ಹುಡುಗನೊಬ್ಬನ ದಿನಚರಿಯಂತಿರುವ ಸುಮೇರಿ ಬರಹದಲ್ಲಿ ತಾಯಿ ಬುತ್ತಿಗೆ ಎರಡು ರೊಟ್ಟಿ ಕೊಡುತ್ತಾಳೆ. ಹುಡುಗ ಶಾಲೆಯಲ್ಲಿ ಹೋದಲ್ಲೆಲ್ಲ ಏಟು ತಿನ್ನುತ್ತಾನೆ. ತಡವಾಗಿದ್ದಕ್ಕೆ, ಮಾತನಾಡಿದ್ದಕ್ಕೆ, ಬರಹ ಚೆನ್ನಾಗಿಲ್ಲದ್ದಕ್ಕೆ, ಜೊತೆಗೆ ಸುಮೇರಿ ಮಾತನಾಡದಿದ್ದಕ್ಕೆ. ಆ ಹೊತ್ತಿಗೆ ಮನೆಗಳಲ್ಲಿ ಸುಮೇರಿ ನಿಂತುಹೋಗಿತ್ತು, ಹುಡುಗರ ಆಡುಮಾತು ಅಕ್ಕಾಡಿ. ಶಾಲೆಯಲ್ಲಿ ಮನೆಮಾತಾಡಿದರೆ ದಂಡ ಎಂಬುದು ನಮ್ಮ ಮಕ್ಕಳಿಗೂ ವಿವರಿಸದೆ ಅರ್ಥವಾಗುತ್ತದೆ. ಕೊನೆಗೆ ಅಪ್ಪ ಗುರುವನ್ನು ಮನೆಗೆ ಕರೆದು, ಉಣಿಸಿ, ಹೊಸ ಬಟ್ಟೆ, ಉಂಗುರ ಕೊಟ್ಟ ಮೇಲೆ ಹುಡುಗನ ಬರಹ ದಿಢೀರನೆ ಚೆಂದವಾಗುತ್ತದೆ.

ಧಾರವಾಡದಿಂದ

ಗುರುವಿನ ಕೈಕೆಳಗಿನ ಸಹಾಯಕನನ್ನು ಅವರು ‘ಶೆಷ್-ಗಲ್’, ಅಂದರೆ ದೊಡ್ಡಣ್ಣ, ಎನ್ನುತ್ತಿದ್ದರು. ದಯವಿಟ್ಟು ಅದಕ್ಕೆ ಮಾನಿಟರ್ ಎಂದು ಹಾಕಬೇಡಿ.

ಶಿವಮೊಗ್ಗದಿಂದ

ಹಾಕಿಲ್ಲ, ದೊಡ್ಡಣ್ಣ ಎಂದೇ ಇದೆ. ಮುದ್ರಣಕ್ಕೆ ಕಳುಹಿಸಿದ ಸಾಲುಗಳು ಇವು:

“ಶಾಲೆಯಲ್ಲಿ ಹುಡುಗರು ಹಸಿ ಜೇಡಿಮಣ್ಣನ್ನು ತಟ್ಟಿ ಬಿಲ್ಲೆ ಮಾಡುತ್ತಿದ್ದರು. ಜೊಂಡಿನ ಕಡ್ಡಿಯನ್ನು ಅದಕ್ಕೆ ಒತ್ತಿ ಬರೆಯುತ್ತಿದ್ದರು. ಗುರು ಮೇಲೆ ಬರೆದದ್ದನ್ನು ನೋಡಿ ಕೆಳಗೆ ಬರೆಯಬೇಕಿತ್ತು. ಬರೆದು ಮುಗಿದ ಬಿಲ್ಲೆಯನ್ನು ನೀರಿನ ತೊಟ್ಟಿಗೆ ಹಾಕಿದರೆ ಅದು ಮತ್ತೆ ಮಣ್ಣು.”

ಚೌಕನೆಯ ದೊಡ್ಡವುಗಳ ಚಿತ್ರದ ಕೆಳಗೆ ‘ಮಣ್ಣಿನ ಪಾಟಿ’ ಎಂದು ಹಾಕಿದ್ದೇನೆ. ಫಲಕ ಎಲ್ಲಿಯೂ ಇಲ್ಲ.

ಮೈಸೂರಿನಿಂದ

ಪ್ರದರ್ಶನದ ಹೊರಗೆ ದಾರಿ ತೋರಿಸಲು ಏನು ನಿಲ್ಲಿಸುತ್ತೀರಿ, ಬಿಲ್ಲೆಯನ್ನೇ?